ಪನಾಮಕ್ಕೆ ಹೊರಡುವ ಮುನ್ನ ತಿಳಿದಿರಬೇಕಾದ ಹಕ್ಕುಗಳು

2023ರ ಡಿಸೆಂಬರ್ 21ರಂದು ಫ್ರಾನ್ಸಿನ ವಾತ್ರಿ ಎಂಬ ಸಣ್ಣ ನಿಲ್ದಾಣದಲ್ಲಿ ಇಂಧನ ತುಂಬಿಸಿಕೊಳ್ಳಲು ಇಳಿದ ವಿಮಾನವೊಂದನ್ನು ಅಲ್ಲಿನ ಪೊಲೀಸರು ಮತ್ತೆ ಮೇಲೇರಲು ಬಿಡಲಿಲ್ಲ. ಅದು ಫುಜೈರಾದಿಂದ ಮಧ್ಯ ಅಮೆರಿಕದ ನಿಕರಾಗುವಾಕ್ಕೆ ಹೊರಟಿತ್ತು. ಒಳಗಿದ್ದ 303 ಪ್ರಯಾಣಿಕರಲ್ಲಿ ಬಹುಪಾಲು ಭಾರತೀಯರು. ಮಾನವ ಕಳ್ಳಸಾಗಣೆಯ ಶಂಕೆಯಲ್ಲಿ ವಿಚಾರಣೆ ನಡೆದು, ಡಿಸೆಂಬರ್ 26ರ ನಸುಕಿನಲ್ಲಿ 276 ಮಂದಿ ಮುಂಬೈಗೆ ವಾಪಸಾದರು. ಆಮೇಲೆ ಗುಜರಾತ್ ಪೊಲೀಸರು ಏಜೆಂಟರ ಮೇಲೆ ಪ್ರಕರಣ ದಾಖಲಿಸಿದರು.

ಉಡುಪಿ ಜಿಲ್ಲೆಯ ಬೈಂದೂರು ಕಡೆಯವರಿಗೆ ವಿದೇಶ ಹೊಸದಲ್ಲ. ಶಿರೂರಿನಿಂದ ಗಂಗೊಳ್ಳಿಯವರೆಗೆ ಗಲ್ಫಿನಲ್ಲೋ ಹಡಗಿನಲ್ಲೋ ದುಡಿಯುವವರು ಇರುವ ಮನೆಗಳು ಬೇಕಾದಷ್ಟಿವೆ. ಆದರೆ ಅದೇ ಮಧ್ಯ ಅಮೆರಿಕದ ಪನಾಮ, ಕೋಸ್ಟರಿಕದಂಥ ದೇಶಗಳಿಗೆ ಸುತ್ತಾಡಲು ಹೋಗುವವರಿಗೆ ಊರಿನಲ್ಲಿ ಕೇಳಿ ತಿಳಿಯಲು ಅನುಭವಸ್ಥರು ಸಿಗುವುದು ಕಷ್ಟ. ಏಜೆಂಟರ ಮಾತೇ ಕಾನೂನು ಎಂದು ನಂಬುವ ಅಪಾಯ ಇಲ್ಲೇ ಇದೆ.

ಪಾಸ್‌ಪೋರ್ಟ್: ಕೇಳಿ ಪಡೆಯುವ ಹಕ್ಕು

ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ತೀರ್ಪು ಈ ಹಕ್ಕನ್ನು ಇನ್ನಷ್ಟು ಗಟ್ಟಿಗೊಳಿಸಿತು.

ಅರ್ಜಿಯನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಯಾರು ಬೇಕಾದರೂ ತಾವೇ ಹಾಕಬಹುದು, ಮಧ್ಯವರ್ತಿ ಬೇಕಿಲ್ಲ. ಠಾಣೆಯ ಪೊಲೀಸ್ ಪರಿಶೀಲನೆಗೆ ಅರ್ಜಿದಾರರು ಪ್ರತ್ಯೇಕವಾಗಿ ಹಣ ಕೊಡಬೇಕಾಗಿಲ್ಲ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಬಹುದು, ಪಾಸ್‌ಪೋರ್ಟ್ ಕಾಯ್ದೆಯ 11ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು. ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆದರೆ ಮಾತ್ರ ಎರಡು ವರ್ಷದವರೆಗೆ ಸೆರೆವಾಸವಾಗಬಹುದು.

ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಮುಟ್ಟುಗೋಲು ಹಾಕುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೇ ಇರುವುದು ಎಂದು 2008ರ ಸುರೇಶ್ ನಂದಾ ತೀರ್ಪು ಸ್ಪಷ್ಟಪಡಿಸಿದೆ. "ಬಾಕಿ ಹಣ ಕೊಟ್ಟ ಮೇಲೆ ಪಾಸ್‌ಪೋರ್ಟ್ ಕೊಡ್ತೇನೆ" ಎಂದು ಏಜೆಂಟ್ ಹೇಳಿದರೆ ಅದಕ್ಕೆ ಕಾನೂನಿನ ಆಧಾರವಿಲ್ಲ. ಠಾಣೆಗೆ ದೂರು ಕೊಡಬಹುದು.

ವೀಸಾ, ಟಿಕೆಟ್, ಹಳದಿ ಕಾರ್ಡು

ಪನಾಮಕ್ಕೆ ಭಾರತೀಯರಿಗೆ ವೀಸಾ ಬೇಕು. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ವೀಸಾ ಇದ್ದು, ಅದನ್ನು ಒಮ್ಮೆ ಬಳಸಿದ್ದವರಿಗೆ ವಿನಾಯಿತಿ ಇದೆ. ಈ ನಿಯಮ ಬದಲಾಗುತ್ತಿರುತ್ತದೆ. ಹಣ ಕಟ್ಟುವ ಮೊದಲು ದೆಹಲಿಯ ಪನಾಮ ರಾಯಭಾರ ಕಚೇರಿಯಿಂದ ಖಚಿತ ಮಾಡಿಕೊಳ್ಳಬೇಕು. ಮರಳುವ ಟಿಕೆಟ್, ಖರ್ಚಿಗೆ ಹಣವಿದೆ ಎಂಬುದಕ್ಕೆ ಪುರಾವೆ, ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಕೈಯಲ್ಲಿರಲಿ. ಅಮೆರಿಕದಲ್ಲಿ ವಿಮಾನ ಬದಲಿಸುವುದಿದ್ದರೆ, ಬದಲಿಸಲಿಕ್ಕಷ್ಟೇ ಆದರೂ ಅಮೆರಿಕದ ವೀಸಾ ಬೇಕು. ಅಗ್ಗದ ಟಿಕೆಟ್ ಕೊಂಡ ಎಷ್ಟೋ ಮಂದಿ ಎಡವುವುದು ಈ ಜಾಗದಲ್ಲಿ.

ಇನ್ನೊಂದು ನಿಯಮ ಎದುರಾಗುವುದು ಮರಳುವಾಗ. ಭಾರತದ ಹಳದಿ ಜ್ವರ ಪಟ್ಟಿಯಲ್ಲಿ ಪನಾಮ ಇದೆ. ಲಸಿಕೆಯ ಪ್ರಮಾಣಪತ್ರ (ಹಳದಿ ಕಾರ್ಡು) ಇಲ್ಲದೆ ಅಲ್ಲಿಂದ ಬಂದಿಳಿದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಹಾಗಾಗಿ ಹೊರಡುವ ಹಿಂದಿನ ದಿನ ಓಡಿದರೆ ಪ್ರಯೋಜನವಿಲ್ಲ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಲಸಿಕೆ ಪಡೆದು, ಹಳದಿ ಕಾರ್ಡಿನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು, ತಾರೀಕು, ಸಹಿ, ಮೊಹರು ಬಂದಿವೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು. 2016ರ ಜುಲೈಯಿಂದ ಒಂದು ಡೋಸಿನ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ.

"ಪ್ರವಾಸಿ ವೀಸಾದಲ್ಲಿ ಹೋಗಿ, ಕೆಲಸ ಅಲ್ಲಿ ನೋಡಿಕೊಳ್ಳುವಾ"

ಈ ಮಾತು ಕಿವಿಗೆ ಬಿದ್ದರೆ ಹಿಂದೆ ಸರಿಯುವುದೇ ಕ್ಷೇಮ. 1983ರ ವಲಸೆ ಕಾಯ್ದೆಯ 10ನೇ ಕಲಮಿನ ಪ್ರಕಾರ ನೋಂದಣಿ ಇಲ್ಲದವರು ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸುವಂತಿಲ್ಲ. ನೋಂದಾಯಿತ ಏಜೆಂಟರ ಹೆಸರು ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಹಡಗಿನ ಕೆಲಸವಾದರೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಕೇಳಬೇಕು. ಕೆಲಸ ಕೊಡಿಸಿದ್ದಕ್ಕೆಂದು ನಾವಿಕರಿಂದ ಹಣ ಪಡೆಯುವಂತಿಲ್ಲ. ಸಂಶಯ ಬಂದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800-11-3090ಕ್ಕೆ ಕರೆ ಮಾಡಬಹುದು.

ಅಲ್ಲಿ ತೊಂದರೆಯಾದರೆ

2025ರ ಫೆಬ್ರುವರಿಯಲ್ಲಿ ಅಮೆರಿಕ ಗಡೀಪಾರು ಮಾಡಿದ 299 ಮಂದಿಯನ್ನು ಪನಾಮಕ್ಕೆ ಕಳುಹಿಸಿತು. ಅವರಲ್ಲಿ ಭಾರತೀಯರೂ ಇದ್ದರು. ಅವರನ್ನು ಪನಾಮ ಸಿಟಿಯ ಹೋಟೆಲಿನಲ್ಲಿ ಇರಿಸಿದ್ದಾಗ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅವರನ್ನು ಭೇಟಿ ಮಾಡುವ ಅವಕಾಶ ಪಡೆಯಿತು. ಆ ಅವಕಾಶ 1963ರ ವಿಯೆನ್ನಾ ಒಪ್ಪಂದದಲ್ಲಿ ಬರೆದಿರುವ ಹಕ್ಕು. ಅದರ 36ನೇ ವಿಧಿಯಂತೆ, ಬಂಧಿತ ವಿದೇಶಿಯನು ಕೇಳಿದರೆ ಅವನ ದೇಶದ ಕಚೇರಿಗೆ ವಿಳಂಬವಿಲ್ಲದೆ ತಿಳಿಸಬೇಕು. ಕೇಳುವ ಹಕ್ಕು ಇದೆ ಎಂಬುದನ್ನೂ ಅವನಿಗೆ ಹೇಳಬೇಕು. ಪನಾಮದಲ್ಲಿರುವ ಇದೇ ಭಾರತೀಯ ಕಚೇರಿ ಕೋಸ್ಟರಿಕ, ನಿಕರಾಗುವಾಗಳ ವ್ಯವಹಾರವನ್ನೂ ನೋಡಿಕೊಳ್ಳುತ್ತದೆ. ಊರಿನಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು.

ವಿಮಾನ ಸಂಸ್ಥೆ ಪೆಟ್ಟಿಗೆ ಒಡೆದು ಕೊಟ್ಟರೆ ಏಳು ದಿನದೊಳಗೆ, ತಡವಾಗಿ ಕೊಟ್ಟರೆ ಅದು ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು ಎಂದು ಮಾಂಟ್ರಿಯಲ್ ಒಪ್ಪಂದ ಹೇಳುತ್ತದೆ. ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ವರದಿ ಬರೆಸಿ ಪ್ರತಿ ಇಟ್ಟುಕೊಳ್ಳಬೇಕು.

ಹಣ ಹೋದರೆ ಎಲ್ಲಿ ಕೇಳುವುದು?

ಉಪ್ಪುಂದದ ಕುಟುಂಬವೊಂದು ಬೆಂಗಳೂರಿನ ಸಂಸ್ಥೆಗೆ ಪ್ಯಾಕೇಜಿನ ಹಣ ಕಟ್ಟಿತು, ಹೇಳಿದ ಹೋಟೆಲ್ ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಬೆಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮು ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಬಿಡುತ್ತದೆ. ಅಂದರೆ ಉಡುಪಿ ಜಿಲ್ಲಾ ಗ್ರಾಹಕ ಆಯೋಗ ಸಾಕು. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ರಸೀದಿ, ಪ್ರವಾಸದ ವಿವರಪಟ್ಟಿ, ತಾರೀಕು ಕಾಣುವ ವಾಟ್ಸಾಪ್ ಸಂದೇಶಗಳೇ ಸಾಕ್ಷ್ಯ. ಮೊದಲ ಹೆಜ್ಜೆಯಾಗಿ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆನ್‌ಲೈನ್ ಪಾವತಿಯಲ್ಲೇ ಮೋಸವಾಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ವಕೀಲರ ಖರ್ಚು ಭರಿಸಲಾಗದವರಿಗೆ ಕುಂದಾಪುರದ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ದೂರವಾಣಿಯಲ್ಲಿ ವಿಚಾರಿಸಲು ಸಂಖ್ಯೆ 15100.