ತೊಗರಿಯ ನೆಟೆ ರೋಗ ಮತ್ತು ವಂಶವಾಹಿ ಮೌನೀಕರಣ: ವ್ಯಾಪಾರಿಗಳು ತಿಳಿಯಬೇಕಾದುದು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ಬೇಳೆ ವ್ಯಾಪಾರದ ಲಾಭ-ನಷ್ಟ ಹೊಲದಲ್ಲಿಯೇ ನಿರ್ಧಾರವಾಗುತ್ತದೆ. 2022-23ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಯನ್ನು ನೆಟೆ ರೋಗ ವ್ಯಾಪಕವಾಗಿ ಒಣಗಿಸಿತು. ಇಂತಹ ಹಾನಿ ರೈತರಲ್ಲಿಗೇ ನಿಲ್ಲುವುದಿಲ್ಲ. ಉದಾಹರಣೆಗೆ, ವಾರ್ಷಿಕ ಸ್ಥಿರ ವೆಚ್ಚ 30 ಲಕ್ಷ ರೂಪಾಯಿ ಇರುವ ಗಿರಣಿಗೆ 10,000 ಕ್ವಿಂಟಲ್ ತೊಗರಿ ಬಂದರೆ ಕ್ವಿಂಟಲಿಗೆ ತಗಲುವ ಸ್ಥಿರ ವೆಚ್ಚ 300 ರೂಪಾಯಿ. ಆವಕ 7,500 ಕ್ವಿಂಟಲಿಗೆ ಇಳಿದರೆ ಅದು 400 ರೂಪಾಯಿ ಆಗುತ್ತದೆ.

ರೋಗದ ಮೂಲ

ನೆಟೆ ರೋಗಕ್ಕೆ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಬೇರಿನ ಮೂಲಕ ಗಿಡವನ್ನು ಹೊಕ್ಕು, ನೀರು ಸಾಗುವ ನಾಳಗಳನ್ನು ಮುಚ್ಚುತ್ತದೆ.

ಹೊಸ ವಿಧಾನ

ವಂಶವಾಹಿಯ ಆದೇಶವನ್ನು ಜೀವಕೋಶಕ್ಕೆ ಒಯ್ಯುವುದು ಆರ್‌ಎನ್‌ಎ. ಶಿಲೀಂಧ್ರದ ಅಗತ್ಯ ವಂಶವಾಹಿಗೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎ ಒಳಸೇರಿದರೆ ಆ ಆದೇಶ ನಾಶವಾಗುತ್ತದೆ. ಕಚೇರಿಯಿಂದ ಹೊರಟ ಚೀಟಿಯನ್ನು ಯಂತ್ರ ತಲುಪುವ ಮುನ್ನವೇ ಹರಿದಂತೆ. ಈ ತತ್ತ್ವವನ್ನು 1998ರಲ್ಲಿ ನಿರೂಪಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಾಳೆಯ ಫ್ಯುಸೇರಿಯಂ ಸೊರಗು ರೋಗವನ್ನು ಇದೇ ವಿಧಾನದಿಂದ ತಡೆಯಬಹುದೆಂದು 2014ರಲ್ಲಿ ಪ್ರಕಟಿಸಿದರು.

ಇರುವ ಅಡ್ಡಿಗಳು

ಬಾಳೆಯಲ್ಲಿ ಬಳಸಿದ್ದು ಕುಲಾಂತರಿ ಮಾರ್ಗ. ಭಾರತದಲ್ಲಿ ವಾಣಿಜ್ಯ ಬೇಸಾಯದಲ್ಲಿರುವ ಕುಲಾಂತರಿ ಬೆಳೆ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯೊಂದೇ. ಆರ್‌ಎನ್‌ಎಯನ್ನು ಸಿಂಪಡಿಸುವುದು ಇನ್ನೊಂದು ಮಾರ್ಗ. ಆದರೆ ನೆಟೆ ಬೇರಿನ ರೋಗ. ರಕ್ಷಣೆಯಿಲ್ಲದ ಆರ್‌ಎನ್‌ಎ ಮಣ್ಣಿನಲ್ಲಿ ಬೇಗನೆ ನಶಿಸುತ್ತದೆ. ಆದುದರಿಂದ ತೊಗರಿಯ ನೆಟೆಗೆ ಈ ವಿಧಾನದ ಉತ್ಪನ್ನವು ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ಇಂದಿನ ಕರ್ತವ್ಯ

ಇಂತಹ ಔಷಧವೆಂದು ಯಾರಾದರೂ ಮಾರಲು ಬಂದರೆ, ಕೇಂದ್ರ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿಯ ನೋಂದಣಿ ಸಂಖ್ಯೆಯನ್ನು ಕೇಳದೆ ಏಜೆನ್ಸಿಗೆ ಠೇವಣಿ ಕಟ್ಟಬಾರದು. ನೆಟೆ ನಿರೋಧಕ ‘ಮಾರುತಿ’ ತಳಿ 1986ರಲ್ಲಿ ಬಿಡುಗಡೆಯಾದ ಬಳಿಕ ಈ ಭಾಗದಲ್ಲಿ ಬೀಜವೇ ಮೊದಲ ರಕ್ಷಣೆಯಾಗಿದೆ. ರೈತರಿಗೆ ಮುಂಗಡ ನೀಡುವ ಅಡತ್ ವ್ಯಾಪಾರಿಗಳು ಅದರ ಒಂದು ಭಾಗವನ್ನು ರೋಗನಿರೋಧಕ ತಳಿಯ ಪ್ರಮಾಣಿತ ಬೀಜ ಹಾಗೂ ಬೀಜೋಪಚಾರಕ್ಕೆ ಬೇಕಾದ ಟ್ರೈಕೋಡರ್ಮಾ ರೂಪದಲ್ಲಿಯೇ ಕೊಡುವುದು, ಜೋಳದೊಂದಿಗೆ ಮಿಶ್ರಬೆಳೆ ಮತ್ತು ಬೆಳೆ ಬದಲಾವಣೆಯನ್ನು ಪ್ರೋತ್ಸಾಹಿಸುವುದು ಲೇಸು. ಹೊಸ ವಿಜ್ಞಾನ ಹೊಲಕ್ಕೆ ಬರುವವರೆಗೆ ಮುಂಗಡದ ಹಣಕ್ಕೂ ಗಿರಣಿಯ ಆವಕಕ್ಕೂ ಇದೇ ಭದ್ರತೆ.