ಒಂದು ಕಾಲು ಸೋತರೆ ಊರನ್ನೇ ಯಾಕೆ ನೋಡ್ತಾರೆ?



ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ನಾಲ್ಕು ವರ್ಷದ ಪಾಪುಗೆ ಜ್ವರ ಬಂತು. ಎರಡು ದಿನ ಕಳೆದ ಮೇಲೆ ಬಲಗಾಲು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಅವಳ ಅಜ್ಜಿ ದೃಷ್ಟಿ ಆಗಿದೆ ಅಂತ ಮೆಣಸಿನಕಾಯಿ ನಿವಾಳಿಸಿದರು. ಆಶಾ ಅಕ್ಕ ಮಾತ್ರ ನೋಡಿದ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದರು. ಮಾರನೇ ದಿನ ಡಾಕ್ಟರು ಬಂದು, ಮಗುವಿನ ಮಲ ಪರೀಕ್ಷೆಗೆ ಬೇಕು ಅಂದಾಗ ಸೇರಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಕಾಲಿಗೂ ಮಲಕ್ಕೂ ಏನು ಸಂಬಂಧ? ಆಮೇಲೆ ವಿಜ್ಞಾನದ ಮೇಷ್ಟ್ರನ್ನೂ ಆಶಾ ಅಕ್ಕನನ್ನೂ ಕೇಳಿ ತಿಳಿದುಕೊಂಡು ಇದನ್ನು ಬರೆದಿದ್ದೇನೆ.

ಪೋಲಿಯೋ ವೈರಸ್ಸು ಬಾಯಿಂದ ಒಳಗೆ ಹೋಗಿ ಕರುಳಿನಲ್ಲಿ ಬೆಳೆಯುತ್ತದೆ. ಮಲದ ಜೊತೆ ಹೊರಗೆ ಬಂದು ಕೊಳಕು ನೀರು, ತೊಳೆಯದ ಕೈ ಇವುಗಳಿಂದ ಬೇರೆ ಮಕ್ಕಳನ್ನು ಸೇರುತ್ತದೆ. ಸೋಜಿಗ ಏನೆಂದರೆ, ಸುಮಾರು 200 ಜನಕ್ಕೆ ಸೋಂಕು ತಗುಲಿದರೆ ಒಬ್ಬರಿಗೆ ಮಾತ್ರ ಕೈಕಾಲು ಸೋಲುತ್ತದೆ. ಮಿಕ್ಕವರು ಆಟ ಆಡಿಕೊಂಡೇ ಇರ್ತಾರೆ, ಆದರೆ ರೋಗ ಹಂಚುತ್ತಾ ಇರ್ತಾರೆ. ಅಂದರೆ ಕಣ್ಣಿಗೆ ಬಿದ್ದ ಒಂದು ಕಾಲಿನ ಹಿಂದೆ ಕಾಣದವರು ನೂರಾರು ಮಂದಿ.

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರಿಗೆ ಇದು ಬೇಗ ಅರ್ಥವಾಗುತ್ತೆ. ಗಂಟುರೋಗ ಹುಳುವಿನಲ್ಲಿ ಕಾಣೋ ಹೊತ್ತಿಗೆ ಹುಳುಮನೆಯೆಲ್ಲ ಹಾಳಾಗಿರುತ್ತೆ. ಅದಕ್ಕೇ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಕಂಡರೆ ಆ ಮೊಟ್ಟೆಗಳನ್ನೇ ನಾಶ ಮಾಡ್ತಾರೆ. ಮಕ್ಕಳಿಗಾದರೆ ಹನಿ ಹಾಕ್ತಾರೆ, ಅಷ್ಟೇ ವ್ಯತ್ಯಾಸ!

15 ವರ್ಷದೊಳಗಿನ ಯಾವ ಮಗುವಿಗೆ ದಿಢೀರನೆ ಕೈಕಾಲು ಸೋತರೂ ಆಸ್ಪತ್ರೆಗೆ ತಿಳಿಸಬೇಕು. ಸೋತ 14 ದಿನದೊಳಗೆ, 24 ಗಂಟೆ ಬಿಟ್ಟು ಬಿಟ್ಟು ಎರಡು ಸಲ ಮಲ ತೆಗೆದು, ಐಸ್ ಇಟ್ಟ ಡಬ್ಬದಲ್ಲಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ದಾರಿಯಲ್ಲಿ ಬಿಸಿಯಾಗಿ ವೈರಸ್ಸು ಸತ್ತರೆ, ರೋಗ ಇದ್ದರೂ ಇಲ್ಲ ಅಂತ ಉತ್ತರ ಬಂದುಬಿಡುತ್ತೆ.

ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಶುರುವಾಯಿತು. ಆಗ ನಮ್ಮ ತಾಲ್ಲೂಕುಗಳು ಕೋಲಾರ ಜಿಲ್ಲೆಯಲ್ಲಿದ್ದವು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಸಹಜವಾಗಿ ಹರಡುವ ಪೋಲಿಯೋ ವೈರಸ್ಸು ದೇಶದಲ್ಲಿ ಕೊನೆಯದಾಗಿ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದ ಒಂದು ಹೆಣ್ಣು ಮಗುವಿನಲ್ಲಿ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

“ಹಾಗಾದ್ರೆ ಇನ್ನೂ ಯಾಕೆ ಹನಿ?” ಅಂತ ನಮ್ಮ ಚಿಕ್ಕಪ್ಪ ಕೇಳಿದರು. ಪಾಕಿಸ್ತಾನ, ಆಫ್ಘಾನಿಸ್ತಾನದಲ್ಲಿ ರೋಗ ಇನ್ನೂ ಹೋಗಿಲ್ಲ. ವೈರಸ್ಸು ಜನರ ಜೊತೆಯಲ್ಲೇ ಊರೂರು ಸುತ್ತುತ್ತೆ. ಗೌರಿಬಿದನೂರಿನಲ್ಲಿ ರೈಲು ಹತ್ತಿದರೆ ಹಿಂದೂಪುರ, ಚಿಂತಾಮಣಿಯಲ್ಲಿ ಬಸ್ಸು ಹತ್ತಿದರೆ ಮದನಪಲ್ಲಿ. ಅದಕ್ಕೇ ಹನಿ ಹಾಕುವವರು ಬಸ್ ಸ್ಟ್ಯಾಂಡಿನಲ್ಲೂ ನಿಂತು, ಕಂಕುಳಲ್ಲಿರುವ ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಇದೆಯಾ ಅಂತ ನೋಡೋದು. ಚಿಕ್ಕಪ್ಪ ಮಾತಾಡಲಿಲ್ಲ, ಆದರೆ ಆ ಭಾನುವಾರ ತಮ್ಮನನ್ನು ಅವರೇ ಎತ್ತಿಕೊಂಡು ಶಾಲೆಗೆ ಬಂದಿದ್ದರು.

ಪಾಪುವಿನ ಮಲದಲ್ಲಿ ಪೋಲಿಯೋ ಸಿಗಲಿಲ್ಲ. ನರಕ್ಕೆ ಬರುವ ಬೇರೆ ಕಾಯಿಲೆಯಂತೆ. 60 ದಿನ ಆದ ಮೇಲೆ ಡಾಕ್ಟರು ಮತ್ತೆ ಬಂದು ಕಾಲು ಮುಟ್ಟಿ ನೋಡಿದರು. ಅವಳು ಗೋಡೆ ಹಿಡಿದುಕೊಂಡು ಬಾಗಿಲವರೆಗೂ ನಡೆದು ತೋರಿಸಿದಳು.

— ಏಳನೇ ತರಗತಿ