ಸರೋವರತೀರದ ವ್ಯಾಖ್ಯಾನ: ಇಟಾಸ್ಕಾ ರಾಜ್ಯೋದ್ಯಾನದ ರಜಾದಿನಗಳ ನಿಸರ್ಗಪಾಠ

ಮೂಲಗ್ರಂಥವೊಂದನ್ನು ವಿದ್ಯಾರ್ಥಿಯ ಮುಂದೆ ತೆರೆದು ತೋರಿಸುವ ಕಾರ್ಯಕ್ಕೆ ನಮ್ಮ ಶಾಸ್ತ್ರಪರಂಪರೆಯಲ್ಲಿ ವ್ಯಾಖ್ಯಾನವೆಂದು ಹೆಸರು. ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪ ಸಮಾಧಾನ ಎಂಬ ಐದು ಲಕ್ಷಣಗಳುಳ್ಳದ್ದೇ ವ್ಯಾಖ್ಯಾನ. ಕೂಡಿಕೊಂಡಿರುವ ಪದಗಳನ್ನು ಬಿಡಿಸುವುದು, ಬಿಡಿಸಿದ ಪದಗಳಿಗೆ ಅರ್ಥ ಹೇಳುವುದು, ಸಮಾಸದೊಳಗಿನ ಸಂಬಂಧವನ್ನು ತೋರಿಸುವುದು, ಕರ್ತೃ ಕರ್ಮ ಕ್ರಿಯೆಗಳನ್ನು ಅನ್ವಯಿಸುವುದು, ಕೊನೆಗೆ ಕೇಳುವವನ ಸಂದೇಹವನ್ನು ಪರಿಹರಿಸುವುದು, ಇವೇ ಆ ಐದು. ಅಮೆರಿಕ ಸಂಯುಕ್ತ ಸಂಸ್ಥಾನದ ಉದ್ಯಾನಗಳಲ್ಲಿ ಪ್ರವಾಸಿಗರಿಗೆ ಪ್ರಕೃತಿಯನ್ನು ಪರಿಚಯಿಸುವ ಕಾರ್ಯಕ್ಕೂ ಇದೇ ಅರ್ಥದ ಹೆಸರಿದೆ. ಅದನ್ನು ಅವರು 'ಇಂಟರ್‌ಪ್ರಿಟೇಷನ್' ಎಂದು ಕರೆಯುತ್ತಾರೆ. ಅಲ್ಲಿ ಮೂಲಗ್ರಂಥವೆಂದರೆ ತಾಳೆಗರಿಯಲ್ಲ, ಮುದ್ರಿತ ಪುಸ್ತಕವೂ ಅಲ್ಲ. ಸರೋವರ, ಅರಣ್ಯ, ಪಕ್ಷಿ. ಕೇಳುವವರು ವರ್ಷವಿಡೀ ಗುರುಕುಲದಲ್ಲಿರುವ ಶಿಷ್ಯರಲ್ಲ. ಮೂರು ದಿನಗಳ ಬಿಡುವಿನಲ್ಲಿ ಮಕ್ಕಳುಮರಿಗಳೊಡನೆ ಬಂದುಹೋಗುವ ಜನ. ಇಂತಹವರಿಗೆ ಮಾಡುವ ಪಾಠ ನಿಜವಾಗಿಯೂ ಪಾಠವಾಗಬಲ್ಲುದೆ ಎಂಬುದನ್ನು ಮಿನ್ನೆಸೋಟ ರಾಜ್ಯದ ಇಟಾಸ್ಕಾ ಸರೋವರದ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪದ್ಧತಿಯ ಇತಿಹಾಸವನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ಇದರ ಬೆಳವಣಿಗೆಯಲ್ಲಿಯೂ ಒಂದು ಸರೋವರತೀರಕ್ಕೆ ಮುಖ್ಯ ಸ್ಥಾನವಿದೆ. ೧೯೧೯ರ ಬೇಸಗೆಯಲ್ಲಿ ಕ್ಯಾಲಿಫೋರ್ನಿಯದ ಟಾಹೋ ಸರೋವರದ ಸಮೀಪದ ಫಾಲನ್ ಲೀಫ್ ಸರೋವರದ ತಂಗುದಾಣದಲ್ಲಿ ಪಕ್ಷಿಶಾಸ್ತ್ರಜ್ಞ ಲಾಯ್ ಮಿಲ್ಲರ್ ಹಾಗೂ ಹೆರಾಲ್ಡ್ ಬ್ರಯಂಟ್ ಎಂಬುವರು ವಿಹಾರಕ್ಕೆ ಬಂದವರನ್ನು ಹಗಲು ಕಾಡಿನೊಳಕ್ಕೆ ಕರೆದೊಯ್ದು, ಸಂಜೆ ಉಪನ್ಯಾಸಗಳನ್ನು ಮಾಡಿದರು. ಅಲ್ಲಿ ನೆರೆದ ಜನರ ಆಸಕ್ತಿಯನ್ನು ಕಂಡ ರಾಷ್ಟ್ರೀಯ ಉದ್ಯಾನಗಳ ನಿರ್ದೇಶಕ ಸ್ಟೀಫನ್ ಮೇದರ್ ಅವರು ಮರುವರ್ಷವೇ, ಅಂದರೆ ೧೯೨೦ರಲ್ಲಿ, ಯೊಸೆಮಿಟಿ ಉದ್ಯಾನದಲ್ಲಿ ಇಂತಹ ಕಾರ್ಯಕ್ರಮಗಳು ನಡೆಯುವಂತೆ ಮಾಡಿದರು. ಮುಂದೆ ಫ್ರೀಮನ್ ಟಿಲ್ಡನ್ ಎಂಬ ಲೇಖಕರು ೧೯೫೭ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ಬೋಧನೆಗೆ ಆರು ಸೂತ್ರಗಳನ್ನು ಕಲ್ಪಿಸಿದರು. ಬರಿಯ ಮಾಹಿತಿ ವ್ಯಾಖ್ಯಾನವಾಗದು, ಆದರೆ ಮಾಹಿತಿಯಿಲ್ಲದೆ ವ್ಯಾಖ್ಯಾನವೂ ಇಲ್ಲ. ಅದರ ಮುಖ್ಯ ಗುರಿ ತಿಳಿವಳಿಕೆಯನ್ನು ತುಂಬುವುದಲ್ಲ, ಜಿಜ್ಞಾಸೆಯನ್ನು ಕೆರಳಿಸುವುದು. ಎಳೆಯ ಮಕ್ಕಳ ಪಾಠವೆಂದರೆ ಹಿರಿಯರ ಪಾಠವನ್ನು ನೀರು ಬೆರೆಸಿ ತೆಳುಮಾಡಿದ್ದಲ್ಲ, ಅದರ ಮಾರ್ಗವೇ ಬೇರೆ. ಇವು ಅವರ ಸೂತ್ರಗಳಲ್ಲಿ ಕೆಲವುಗಳ ತಾತ್ಪರ್ಯ. ಅಧ್ಯಾಪಕರಾದ ಯಾರೂ ಇವನ್ನು ಅಲ್ಲಗಳೆಯಲಾರರು.

ಇನ್ನು ಇಟಾಸ್ಕಾಕ್ಕೆ ಬರೋಣ. ಮಿನ್ನೆಸೋಟದ ಉತ್ತರಭಾಗದಲ್ಲಿರುವ ಈ ಸರೋವರದಿಂದಲೇ ಮಿಸಿಸಿಪಿ ಮಹಾನದಿ ಹೊರಡುತ್ತದೆ. ಹೊರಡುವಾಗ ಅದು ಮಕ್ಕಳು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದಾದ ಒಂದು ತೊರೆ ಮಾತ್ರ. ಸುತ್ತಲಿನ ಪೈನ್ ಮರಗಳನ್ನು ಕಡಿಯುವವರಿಂದ ಈ ಪ್ರದೇಶವನ್ನು ರಕ್ಷಿಸಬೇಕೆಂದು ಜೇಕಬ್ ಬ್ರೋವರ್ ಎಂಬ ಇತಿಹಾಸಾಸಕ್ತರು ಹೋರಾಡಿದ ಫಲವಾಗಿ ೧೮೯೧ರಲ್ಲಿ ರಾಜ್ಯದ ಶಾಸನಸಭೆ ಕೇವಲ ಒಂದು ಮತದ ಅಂತರದಿಂದ ಇದನ್ನು ಉದ್ಯಾನವನ್ನಾಗಿ ಅಂಗೀಕರಿಸಿತು. ಇದು ಮಿನ್ನೆಸೋಟದ ಮೊದಲ ರಾಜ್ಯೋದ್ಯಾನ. ಇಂದು ಇದರ ವಿಸ್ತಾರ ೩೨,೦೦೦ ಎಕರೆಗಳಿಗೂ ಹೆಚ್ಚು. ಒಳಗಿರುವ ಕೆರೆಗಳು ನೂರಕ್ಕೂ ಮಿಗಿಲು.

ಆ ದೇಶದಲ್ಲಿ ಬೇಸಗೆಯ ರಜೆಗಳಲ್ಲಿ ಮೂರು ಮುಖ್ಯವಾದುವು. ಮೇ ತಿಂಗಳ ಕೊನೆಯ ಸೋಮವಾರ ಮೃತಯೋಧರ ಸ್ಮರಣದಿನ. ಜುಲೈ ೪ ಸ್ವಾತಂತ್ರ್ಯದಿನ. ಸೆಪ್ಟೆಂಬರ್ ಮೊದಲ ಸೋಮವಾರ ಕಾರ್ಮಿಕರ ದಿನ. ಸ್ಮರಣದಿನವನ್ನು ಮೊದಲು ಮೇ ೩೦ರಂದೇ ಆಚರಿಸುತ್ತಿದ್ದರು. ೧೯೬೮ರ ಕಾನೂನಿನಂತೆ ೧೯೭೧ರಿಂದ ಅದು ಸೋಮವಾರಕ್ಕೆ ಬಂದಿತು. ಶನಿವಾರ ಭಾನುವಾರಗಳೊಡನೆ ಸೋಮವಾರವೂ ಸೇರಿ ಮೂರು ದಿನಗಳ ಬಿಡುವು ದೊರೆಯುವುದರಿಂದ ಆಗ ಸರೋವರತೀರಗಳಲ್ಲಿ ಜನ ಕಿಕ್ಕಿರಿಯುತ್ತಾರೆ. ನಿಸರ್ಗಮಾರ್ಗದರ್ಶಕನಿಗೆ ಶ್ರೋತೃಗಳು ಸಿಗುವುದೂ ಆಗಲೇ, ಸರೋವರಕ್ಕೆ ಅಪಾಯ ಒದಗುವುದೂ ಆಗಲೇ. ಆದ್ದರಿಂದ ಅವನ ಪಾಠಕ್ಕೆ ವಿನೋದದ ಬೆಲೆಗಿಂತ ಹೆಚ್ಚಿನ ಬೆಲೆಯಿದೆ. ಮೇಲೆ ಹೇಳಿದ ಐದು ಲಕ್ಷಣಗಳನ್ನು ಈಗ ಒಂದೊಂದಾಗಿ ಅನ್ವಯಿಸಿ ನೋಡೋಣ.

ಮೊದಲನೆಯದು ಪದಚ್ಛೇದ. ಇಟಾಸ್ಕಾ ಎಂಬ ಹೆಸರೇ ಇದಕ್ಕೆ ತಕ್ಕ ಉದಾಹರಣೆ. ೧೮೩೨ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬ ಅನ್ವೇಷಕ ಇಲ್ಲಿಗೆ ಬಂದಾಗ, ನದೀಮೂಲಕ್ಕೊಂದು ಹೆಸರು ಬೇಕೆಂದು ಲ್ಯಾಟಿನ್ ಭಾಷೆಯಲ್ಲಿ ಸತ್ಯ, ಶಿರಸ್ಸು ಎಂಬ ಅರ್ಥದ 'ವೆರಿಟಾಸ್', 'ಕಾಪುಟ್' ಎಂಬೆರಡು ಪದಗಳನ್ನು ತೆಗೆದುಕೊಂಡು, ಮೊದಲನೆಯದರ ಆದಿಯನ್ನೂ ಎರಡನೆಯದರ ಅಂತ್ಯವನ್ನೂ ಕತ್ತರಿಸಿ, ನಡುವೆ ಉಳಿದುದನ್ನು ಸೇರಿಸಿದ. ವೈಯಾಕರಣರ ದೃಷ್ಟಿಯಿಂದ ಇದೊಂದು ವಿಚಿತ್ರ ಸೃಷ್ಟಿ. 'ವೆರಿಟಾಸ್' ಪದದಲ್ಲಿ ಸತ್ಯಾರ್ಥವುಳ್ಳ ಭಾಗ 'ವೆರ್' ಎಂಬುದು. 'ಇಟಾಸ್' ಬರಿಯ ಭಾವಾರ್ಥಕ ಪ್ರತ್ಯಯ. 'ಸತ್ಯತ್ವ'ದಿಂದ 'ತ್ವ'ವನ್ನೂ 'ಶಿರ'ದಿಂದ 'ಶಿ'ಯನ್ನೂ ಎತ್ತಿ 'ತ್ವಶಿ' ಎಂದು ಹೆಸರಿಟ್ಟಂತಾಯಿತು! ಸತ್ಯವೇ ಹೊರಗುಳಿಯಿತು. ಹೊರಗುಳಿದ ಸತ್ಯ ಇನ್ನೂ ಒಂದುಂಟು. ಸ್ಕೂಲ್‌ಕ್ರಾಫ್ಟನನ್ನು ಇಲ್ಲಿಗೆ ಕರೆತಂದವನು ಓಜಿಬ್ವೆ ಜನಾಂಗದ ಓಜಾವಿಂಡಿಬ್ ಎಂಬ ಮುಖಂಡ. ಆ ಜನರಿಗೆ ಈ ಸರೋವರ ಮೊದಲೇ ತಿಳಿದಿದ್ದಿತು; ಎಲ್ಕ್ ಎಂಬ ದೊಡ್ಡ ಜಿಂಕೆಯ ಸರೋವರವೆಂಬ ಅರ್ಥದ ಹೆಸರೂ ಅವರ ಭಾಷೆಯಲ್ಲಿತ್ತು. ಹೆಸರನ್ನು ಬಿಡಿಸಿ ಹೇಳುವ ಮಾರ್ಗದರ್ಶಕ ಈ ಮಾತನ್ನೂ ಹೇಳಿದರೆ ಮಾತ್ರ ಪದಚ್ಛೇದ ಪೂರ್ಣವಾಗುತ್ತದೆ.

ಎರಡನೆಯದು ಪದಾರ್ಥೋಕ್ತಿ. ನೀರಿನ ಮೇಲೆ ತೇಲುವ ಕಪ್ಪು ಬಿಳುಪಿನ ಹಕ್ಕಿಯನ್ನು ತೋರಿಸಿ ಇದರ ಹೆಸರು ಲೂನ್, ೧೯೬೧ರಿಂದ ಇದು ಮಿನ್ನೆಸೋಟದ ರಾಜ್ಯಪಕ್ಷಿ ಎಂದು ಹೇಳಿದರೆ ಪದವನ್ನು ಹೇಳಿದಂತಾಯಿತೇ ಹೊರತು ಪದಾರ್ಥವನ್ನಲ್ಲ. ಬಹುತೇಕ ಪಕ್ಷಿಗಳ ಎಲುಬುಗಳು ಟೊಳ್ಳು. ಲೂನಿನ ಎಲುಬುಗಳಲ್ಲಿ ಅನೇಕವು ಗಟ್ಟಿ. ಕಾಲುಗಳು ದೇಹದ ಹಿಂತುದಿಯಲ್ಲಿವೆ. ಆದುದರಿಂದಲೇ ಅದು ಆಳಕ್ಕೆ ಮುಳುಗಿ ಮೀನು ಹಿಡಿಯಬಲ್ಲುದು. ಆದುದರಿಂದಲೇ ನೆಲದ ಮೇಲೆ ನಡೆಯಲಾರದು, ಹಾರಬೇಕಾದರೆ ನೀರಿನ ಮೇಲೆ ಬಹುದೂರ ಓಡಬೇಕು. ಮೇಲೆ ಹೇಳಿದ ಮೂರು ರಜೆಗಳೂ ಈ ಹಕ್ಕಿಯ ಬಾಳಿನ ಮೂರು ಅಧ್ಯಾಯಗಳಾಗಿರುವುದು ಗಮನಾರ್ಹ. ಮೇ ಕೊನೆಯಲ್ಲಿ ಅದು ನೀರಿನ ಅಂಚಿನ ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆಗಳಿಗೆ ಕಾವು ಕೊಡುತ್ತಿರುತ್ತದೆ; ವೇಗದ ದೋಣಿಯ ಅಲೆ ಆ ಗೂಡನ್ನು ಕೊಚ್ಚಿಬಿಡಬಹುದು. ಜುಲೈ ಮೊದಲಲ್ಲಿ ಮರಿಗಳು ತಾಯಿತಂದೆಯರ ಬೆನ್ನೇರಿ ಸವಾರಿ ಮಾಡುವುದನ್ನು ಕಾಣಬಹುದು. ಸೆಪ್ಟೆಂಬರಿನಲ್ಲಿ ವಲಸೆಯ ಸಿದ್ಧತೆ. ಹಿರಿಯ ಹಕ್ಕಿಗಳು ಮೊದಲು ಹೊರಟುಹೋಗುತ್ತವೆ, ಆ ವರ್ಷ ಹುಟ್ಟಿದ ಮರಿಗಳು ಕೆಲವು ವಾರಗಳ ಅನಂತರ ದಾರಿ ತೋರುವವರಿಲ್ಲದೆಯೇ ದಕ್ಷಿಣದ ಕಡಲತೀರಕ್ಕೆ ಹಾರುತ್ತವೆ. ಇಷ್ಟನ್ನು ತಿಳಿದವನು ಆ ಹಕ್ಕಿಯ ಕೂಗನ್ನು ಕೇಳುವ ರೀತಿಯೇ ಬೇರೆಯಾಗುತ್ತದೆ.

ಮೂರನೆಯದು ವಿಗ್ರಹ. ಕಾಡು, ಕಿಚ್ಚು ಎಂಬೆರಡು ಪದಗಳು ಸೇರಿ ಕಾಳ್ಗಿಚ್ಚು ಎಂಬ ಸಮಾಸವಾಗುವುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅವುಗಳೊಳಗಿನ ಸಂಬಂಧ ಯಾವ ವಿಭಕ್ತಿಯದು? ಕಾಡನ್ನು ಸುಡುವ ಕಿಚ್ಚು ಎಂದು ದ್ವಿತೀಯೆಯಲ್ಲಿ ವಿಗ್ರಹಿಸುವುದು ಲೋಕರೂಢಿ. ಇಟಾಸ್ಕಾದ ಪಾಲಕರೂ ಹಾಗೆಯೇ ತಿಳಿದು ಎಷ್ಟೋ ದಶಕಗಳ ಕಾಲ ಬೆಂಕಿಯನ್ನು ಹತ್ತಗೊಡದೆ ಕಾಪಾಡಿದರು. ಆದರೆ ಅಲ್ಲಿನ ಕೆಂಪು ಪೈನ್ ಮರದ ತೊಗಟೆ ದಪ್ಪ. ನೆಲದ ಮೇಲೆ ಹರಿದುಹೋಗುವ ಸಾಧಾರಣ ಬೆಂಕಿಯನ್ನು ಬೆಳೆದ ಮರ ತಾಳಿಕೊಳ್ಳುತ್ತದೆ. ಅದರ ಬೀಜ ಮೊಳೆಯಲು ತರಗೆಲೆಗಳ ಮುಸುಕಿಲ್ಲದ ಮಣ್ಣೂ ಧಾರಾಳವಾದ ಬಿಸಿಲೂ ಬೇಕು. ಅವೆರಡನ್ನೂ ಒದಗಿಸುತ್ತಿದ್ದುದು ಬೆಂಕಿಯೇ. ಬೆಂಕಿ ನಿಂತಮೇಲೆ ೨೦೦ ವರ್ಷಗಳನ್ನು ಮೀರಿದ ವೃದ್ಧವೃಕ್ಷಗಳು ಉಳಿದವು, ಅವುಗಳ ಸ್ಥಾನವನ್ನು ತುಂಬಬೇಕಾದ ಸಸಿಗಳು ಮೇಲೇಳಲಿಲ್ಲ. ಎದ್ದ ಕೆಲವನ್ನು ಸಂಖ್ಯೆಯಲ್ಲಿ ಹೆಚ್ಚಿದ ಜಿಂಕೆಗಳು ಮೇಯ್ದವು. ಈಚಿನ ದಶಕಗಳಲ್ಲಿ ತಜ್ಞರೇ ಯೋಜಿತ ರೀತಿಯಲ್ಲಿ ಬೆಂಕಿಯಿಡುತ್ತಿದ್ದಾರೆ. ಕಾಡಿಗೋಸ್ಕರ ಕಿಚ್ಚು ಎಂಬ ಚತುರ್ಥೀ ವಿಗ್ರಹವೂ ಉಂಟೆಂದು ತಿಳಿಯಲು ಇಷ್ಟು ಕಾಲ ಬೇಕಾಯಿತು. ಸಂಬಂಧವನ್ನು ತಪ್ಪಾಗಿ ಗ್ರಹಿಸಿದರೆ ಸದುದ್ದೇಶವೂ ಹಾನಿಕರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ನಾಲ್ಕನೆಯದು ವಾಕ್ಯಯೋಜನೆ. ವಾಕ್ಯದಲ್ಲಿ ಕರ್ತೃ ಯಾರೆಂಬುದು ಗೊತ್ತಾಗದೆ ಅನ್ವಯ ಕೂಡುವುದಿಲ್ಲ. ರಜೆಗೆಂದು ಬಂದವನು ತಾನು ಕೇವಲ ಪ್ರೇಕ್ಷಕನೆಂದು ಭಾವಿಸಿರುತ್ತಾನೆ. ಅವನ ಗಾಳದ ದಾರಕ್ಕೆ ಕಟ್ಟಿದ ಸೀಸದ ಗುಂಡು ಕಳಚಿ ತಳಕ್ಕೆ ಬೀಳುತ್ತದೆ. ಆಹಾರವನ್ನು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುವುದು ಲೂನಿನ ಸ್ವಭಾವ; ಕಲ್ಲೆಂದು ಭ್ರಮಿಸಿ ಸೀಸವನ್ನು ನುಂಗಿದ ಹಕ್ಕಿ ವಿಷವೇರಿ ಸಾಯುತ್ತದೆ. ಒಂದು ಗುಂಡು ಸಾಕು. ಹಾಗೆಯೇ ಶಿಬಿರದ ಬೆಂಕಿಗೆಂದು ಊರಿನಿಂದ ತಂದ ಸೌದೆಯ ತೊಗಟೆಯೊಳಗೆ ಎಮರಾಲ್ಡ್ ಆಶ್ ಬೋರರ್ ಎಂಬ ದುಂಬಿಯ ಹುಳು ಅಡಗಿರಬಹುದು. ಏಷ್ಯಾಖಂಡದಿಂದ ಬಂದ ಈ ಕೀಟ ಮಿಷಿಗನ್ ರಾಜ್ಯದಲ್ಲಿ ೨೦೦೨ರಲ್ಲಿ ಪತ್ತೆಯಾಗಿ, ೨೦೦೯ರ ವೇಳೆಗೆ ಮಿನ್ನೆಸೋಟವನ್ನೂ ಮುಟ್ಟಿತು. ಲಕ್ಷಾಂತರ ಆಶ್ ಮರಗಳನ್ನು ಕೊಂದಿದೆ. ಅದು ದೂರದೂರಕ್ಕೆ ಹರಡಿದುದರಲ್ಲಿ ಸೌದೆಯ ಸಾಗಾಟದ ಪಾಲು ದೊಡ್ಡದು. ಈ ಎರಡು ವಾಕ್ಯಗಳಲ್ಲಿಯೂ ಕರ್ತೃಸ್ಥಾನದಲ್ಲಿರುವವನು ಪ್ರವಾಸಿಗನೇ. ಬೈಯದೆ, ಬೆದರಿಸದೆ, ಆ ಕರ್ತೃಪದವನ್ನು ಅವನೇ ಗುರುತಿಸುವಂತೆ ಮಾಡುವುದೇ ಮಾರ್ಗದರ್ಶಕನ ಜಾಣ್ಮೆ.

ಐದನೆಯದು ಆಕ್ಷೇಪ ಸಮಾಧಾನ. ನದಿಯ ಉಗಮದಲ್ಲಿ ನಿಲ್ಲಿಸಿರುವ ಮರದ ಕಂಬದ ಮೇಲೆ ನದಿಯ ಉದ್ದ ೨,೫೫೨ ಮೈಲಿ ಎಂದಿದೆ. ಭೂಗೋಳದ ಪುಸ್ತಕಗಳಲ್ಲಿ ೨,೩೪೦ ಮೈಲಿಯ ಆಸುಪಾಸಿನ ಸಂಖ್ಯೆಗಳಿವೆ. ಯಾವುದು ದಿಟವೆಂದು ಬಾಲಕನೊಬ್ಬ ಕೇಳಬಹುದು. ನದಿ ತನ್ನ ತಿರುವುಗಳನ್ನು ತಾನೇ ಕಡಿದುಕೊಂಡು ಪಾತ್ರವನ್ನು ಬದಲಿಸುತ್ತಿರುತ್ತದೆ, ಅಳೆಯುವ ಕ್ರಮವೂ ಒಂದೇ ಅಲ್ಲ ಎಂಬುದು ಅದಕ್ಕೆ ಉತ್ತರ. ಮತ್ತೊಬ್ಬರು, ಈ ಸರೋವರಕ್ಕೇ ಬಂದು ಬೀಳುವ ತೊರೆಗಳಿವೆಯಲ್ಲ, ಅವೇಕೆ ಮೂಲವಲ್ಲ ಎನ್ನಬಹುದು. ಈ ಆಕ್ಷೇಪ ಹೊಸದಲ್ಲ. ೧೮೮೧ರಲ್ಲಿ ವಿಲ್ಲರ್ಡ್ ಗ್ಲೇಜಿಯರ್ ಎಂಬಾತ ಪಕ್ಕದ ಕಿರುಸರೋವರವೇ ನಿಜವಾದ ಮೂಲವೆಂದು ವಾದ ಹೂಡಿದ್ದ. ಆ ವಾದವನ್ನು ಪರೀಕ್ಷಿಸಲು ಮೋಜಣಿ ನಡೆಸಿದವರೇ ಮುಂದೆ ಉದ್ಯಾನಕ್ಕೆ ಕಾರಣರಾದ ಬ್ರೋವರ್. ಅಂದರೆ ಒಂದು ಆಕ್ಷೇಪದ ಸಮಾಧಾನಕ್ಕೆ ಹೊರಟವರಿಂದ ಒಂದು ಅರಣ್ಯ ಉಳಿಯಿತು. ಇನ್ನೂ ಕಠಿಣವಾದ ಪ್ರಶ್ನೆಯೊಂದಿದೆ: ಜನ ದಾಟುವ ಆ ಕಲ್ಲಿನ ಸಾಲು ಪ್ರಕೃತಿ ಇಟ್ಟದ್ದೇ? ಅಲ್ಲ. ಅಲ್ಲಿ ಜೌಗುನೆಲವಿತ್ತು, ೧೯೩೦ರ ದಶಕದಲ್ಲಿ ಸರ್ಕಾರಿ ಯೋಜನೆಯ ಕೆಲಸಗಾರರು ಕಾಲುವೆಯನ್ನು ತಿದ್ದಿ ಕಲ್ಲುಗಳನ್ನು ಕೂಡಿಸಿದರು. ಇದನ್ನು ಮುಚ್ಚಿಡದೆ ಹೇಳುವ ಮಾರ್ಗದರ್ಶಕನ ಉಳಿದ ಮಾತುಗಳನ್ನೂ ಜನ ನಂಬುತ್ತಾರೆ. ಪ್ರಕ್ಷಿಪ್ತವನ್ನು ಪ್ರಕ್ಷಿಪ್ತವೆಂದು ತೋರಿಸಿದ ಸಂಪಾದಕನಿಂದ ಗ್ರಂಥದ ಗೌರವ ಕುಂದುವುದಿಲ್ಲ.

ಇಷ್ಟೆಲ್ಲ ಬೋಧನೆ ಏಕೆ, ಕಾನೂನು ಸಾಲದೆ ಎಂಬ ಪ್ರಶ್ನೆಗೆ ಉದ್ಯಾನದ ಇತಿಹಾಸವೇ ಉತ್ತರವನ್ನು ಕೊಡುತ್ತದೆ. ೧೮೯೧ರಲ್ಲಿ ಕಾನೂನಾದರೂ ಒಳಗಿನ ಬಹಳಷ್ಟು ಭೂಮಿ ಖಾಸಗಿಯವರಲ್ಲಿಯೇ ಉಳಿದು ಮರ ಕಡಿಯುವುದು ನಡೆದೇ ಇತ್ತು. ದಿಮ್ಮಿಗಳನ್ನು ತೇಲಿಸಲು ಕಟ್ಟಿದ ಅಡ್ಡಗಟ್ಟೆಯಿಂದ ನೀರು ಏರಿ ದಡದ ಮರಗಳು ಮುಳುಗುವಂತಾಯಿತು. ೧೯೦೩ರಲ್ಲಿ ಉದ್ಯಾನಾಧಿಕಾರಿಯಾಗಿದ್ದ ತಂದೆ ತೀರಿಕೊಂಡಮೇಲೆ ಆ ಸ್ಥಾನಕ್ಕೆ ನೇಮಕವಾದ ೨೪ ವರ್ಷದ ಮೇರಿ ಗಿಬ್ಸ್ ಅಲ್ಲಿಗೆ ಹೋಗಿ, ಬಂದೂಕಿನ ಬೆದರಿಕೆಗೂ ಅಂಜದೆ ತೂಬನ್ನು ತೆರೆಯಬೇಕೆಂದು ಆಗ್ರಹಪಡಿಸಿದರು. ಅವರು ಅಧಿಕಾರದಲ್ಲಿದ್ದುದು ಕೆಲವೇ ತಿಂಗಳು. ಉಗಮಸ್ಥಾನದ ಸಂದರ್ಶನಕೇಂದ್ರಕ್ಕೆ ಇಂದು ಅವರದೇ ಹೆಸರು. ಕಾನೂನು ಕಾಡಿಗೆ ಗಡಿ ಹಾಕಬಲ್ಲುದು. ಆ ಗಡಿಯನ್ನು ತನ್ನದೆಂದು ತಿಳಿದು ನಿಲ್ಲುವ ಜನ ಇಲ್ಲದಿದ್ದರೆ ಅದು ಕಾಗದದ ಮೇಲಿನ ಗೆರೆ. ಅಂತಹ ಜನರನ್ನು ಸಿದ್ಧಪಡಿಸುವುದು ವ್ಯಾಖ್ಯಾನದ ಕೆಲಸ.

ಈ ನಿದರ್ಶನದಿಂದ ಅಧ್ಯಾಪಕರಾದ ನಾವು ಗ್ರಹಿಸಬೇಕಾದುದು ಇಷ್ಟು. ಪಾಠದ ಅವಧಿ ಚಿಕ್ಕದೆಂಬುದು ನೆಪವಾಗಬಾರದು. ಒಂದು ಗಂಟೆಯ ನಡಿಗೆಯಲ್ಲಿಯೂ ಐದು ಲಕ್ಷಣಗಳು ಸಮಾವೇಶಗೊಳ್ಳಬಹುದು. ಹೆಸರುಗಳ ಪಟ್ಟಿಯನ್ನು ಒಪ್ಪಿಸಿದ ಮಾತ್ರಕ್ಕೆ ವಿದ್ಯಾರ್ಥಿ ಕಲಿತನೆಂದು ತೃಪ್ತಿಪಡಬಾರದು. ವಿದ್ಯಾಸಂಸ್ಥೆಗಳಿಗೆ ನೆರವಾಗುವ ಮಹನೀಯರೂ ಒಂದು ಮಾತನ್ನು ಲಕ್ಷಿಸಬೇಕು. ಕಟ್ಟಡ ಕಣ್ಣಿಗೆ ಕಾಣುತ್ತದೆ, ವ್ಯಾಖ್ಯಾನಕಾರ ಕಾಣುವುದಿಲ್ಲ; ಆದರೆ ಗ್ರಂಥ ಎಷ್ಟೇ ದೊಡ್ಡದಾದರೂ ಅದನ್ನು ತೆರೆದು ತೋರಿಸಬಲ್ಲವನೊಬ್ಬನಿಲ್ಲದೆ ಮುಚ್ಚಿಯೇ ಇರುತ್ತದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಮುಂದಿನ ಬೇಸಗೆಯ ರಜೆಯಲ್ಲಿ ಇಂತಹ ಸರೋವರತೀರವೊಂದಕ್ಕೆ ಹೋದರೆ, ಮಕ್ಕಳನ್ನು ಮಾರ್ಗದರ್ಶಕನ ಹಿಂದೆ ನಡೆಯಬಿಡಲಿ; ಜೇಬಿನಲ್ಲಿ ಸೀಸದ ಗುಂಡು, ಬಂಡಿಯಲ್ಲಿ ಊರಿನ ಸೌದೆ ಇಲ್ಲದಂತೆ ನೋಡಿಕೊಳ್ಳಲಿ. ಇಟಾಸ್ಕಾದಿಂದ ಹೊರಟ ನೀರು ಮೆಕ್ಸಿಕೋ ಕೊಲ್ಲಿಯನ್ನು ಮುಟ್ಟಲು ಸುಮಾರು ೯೦ ದಿನಗಳು ಬೇಕೆನ್ನುತ್ತಾರೆ. ಒಳ್ಳೆಯ ಪಾಠವೂ ಹೇಳಿದ ಸ್ಥಳದಲ್ಲಿ ನಿಲ್ಲುವುದಿಲ್ಲ; ನಿಧಾನವಾಗಿ ಬಹುದೂರ ಹರಿಯುತ್ತದೆ.